ಸುಟ್ಟೆನೆಂದ ಹುಲಿ

ಹೋದ ವಾರ ಪಕ್ಕದ ಮನೆಯವರು ಹಳೆಯ ಟ್ರಂಕು ತೆಗೆದು ರೇಷ್ಮೆ ಸೀರೆಗಳನ್ನು ಗಾಳಿಗೆ ಹರವಿದ್ದರು. ಅಡುಗೆಮನೆಯಲ್ಲಿದ್ದ ನನ್ನ ಮೂಗಿಗೆ ನುಸಿಗುಳಿಗೆಯ ವಾಸನೆ ಬಡಿಯಿತು. ಒಲೆ ಆರಿಸಿ ಕುರ್ಚಿಯ ಮೇಲೆ ಕುಳಿತುಬಿಟ್ಟೆ. ಸೊಸೆ "ಕ್ಯಾ ಹುವಾ ಮಮ್ಮಿ, ಬಿಪಿ?" ಎಂದು ಓಡಿಬಂದಳು. ಸಾಂತಾಕ್ರೂಜ್‌ನ ಮೂರನೆಯ ಮಹಡಿಯ ಒಂದು ಕೋಣೆ, ಅಲ್ಲಿ ಕಳೆದ ಒಂದು ಮಳೆಗಾಲ ನೆನಪಾಗಿದೆ ಎಂದು ಅವಳಿಗೆ ಹೇಳುವುದು ಹೇಗೆಂದು ತಿಳಿಯದೆ, ಸ್ವಲ್ಪ ನೀರು ಕೊಡು ಎಂದೆ.

ಆ ವರ್ಷ ಜೂನ್‌ನಲ್ಲಿ ಮುಂಬಯಿಯ ಚೆಂಬೂರಿನ ನಮ್ಮ ಕನ್ನಡ ಶಾಲೆ ಮುಚ್ಚಿತ್ತು. ಕೊನೆಯ ವರ್ಷ ಏಳನೆಯ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದರು. ಅವರೂ ಕನ್ನಡದ ಪಾಠದ ಅರ್ಥವನ್ನು ಹಿಂದಿಯಲ್ಲಿ ಕೇಳುತ್ತಿದ್ದರು. ಇಪ್ಪತ್ತೆಂಟು ವರ್ಷ ಬೆಳಗ್ಗೆ ಏಳಕ್ಕೆ ಮನೆ ಬಿಡುತ್ತಿದ್ದವಳು ಇದ್ದಕ್ಕಿದ್ದಂತೆ ಮನೆಯಲ್ಲಿ ಉಳಿದೆ. ಆಗ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಎಡ್ವಿನ್ ಮನೆ ಹುಡುಕಿಕೊಂಡು ಬಂದರು. ಮಂಗಳೂರು ಕಡೆಯವರು, ಚರ್ಚಿನ ಕಮಿಟಿಯಲ್ಲಿದ್ದರು.

"ಒಂದು ಉಪಕಾರ ಆಗ್ಬೇಕಿತ್ತು ಟೀಚರ್. ನಮ್ಮ ಹಳೇ ಪಾದ್ರಿ ಅಯ್ಯನವರು ಒಬ್ರು ಇದ್ದಾರೆ, ಸಾಂತಾಕ್ರೂಜ್‌ನ ಮಿಷನ್ ಬಿಲ್ಡಿಂಗ್‌ನಲ್ಲಿ. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗ್ತಾ ಉಂಟು. ಅವರ ಡೈರಿಗಳೆಲ್ಲ ಕನ್ನಡದಲ್ಲಿ. ಈಗಿನ ಮಕ್ಕಳಿಗೆ ಓದ್ಲಿಕ್ಕೆ ಬರುವುದಿಲ್ಲ, ನನಗೆ ಆ ಕೈಬರಹ ಹತ್ತುವುದಿಲ್ಲ. ನೀವು ಒಮ್ಮೆ ಚಂದ ಮಾಡಿ ಬರೆದು ಕೊಟ್ರೆ ಒಂದು ಪುಸ್ತಕ ಮಾಡುವ ಅಂತ."

ಹೀಗೆ ನಾನು ಹೋದೆ. ಕಟ್ಟಡದ ಅರ್ಧಕ್ಕರ್ಧ ಜನ ಆಗಲೇ ಖಾಲಿ ಮಾಡಿದ್ದರು. ಬಾಗಿಲು ಕಿತ್ತೊಯ್ದ ಮನೆಗಳ ಮುಂದೆ ಹಾದು ಮೂರು ಮಹಡಿ ಹತ್ತಬೇಕು. ಟೆರೇಸಿನಿಂದ ಸೋರಿದ ನೀರು ಮೆಟ್ಟಿಲಿನ ಮೇಲೆ ಸಣ್ಣಗೆ ಹರಿಯುತ್ತಿತ್ತು. ಎರಡೆರಡು ನಿಮಿಷಕ್ಕೊಮ್ಮೆ ವಿಮಾನ ತಲೆಯ ಮೇಲೇ ಇಳಿದಂತಾಗಿ, ಮಾತು ನಿಲ್ಲಿಸಿ ಮತ್ತೆ ಶುರುಮಾಡಬೇಕಾಗುತ್ತಿತ್ತು.

ದೇವಪ್ರಿಯ ಅಯ್ಯನವರಿಗೆ ಆಗ ಎಂಬತ್ತೆಂಟು. ಬೆಟಗೇರಿಯ ಕಡೆಯವರು. ಮದುವೆಯಾಗಿರಲಿಲ್ಲ. ಎತ್ತರದ ಆಳು, ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. "ಬರ್ರಿ ಟೀಚರ್, ಕೂಡ್ರಿ. ಬಾಗಲಕೋಟಿ ಕಡೆಯವ್ರಂತಲ್ಲ ನೀವು? ಭಾಷಾ ಕೇಳಿ ಎಷ್ಟ್ ವರ್ಷ ಆಗಿತ್ತು" ಎಂದರು. ಅವರನ್ನು ನೋಡಿಕೊಳ್ಳಲು ಸುಗಂಧಾ ಮಾವಶಿ ಎಂಬಾಕೆ ಹಗಲಿಡೀ ಇರುತ್ತಿದ್ದಳು. ಅರವತ್ತು ದಾಟಿದವಳು, ಸೊಲ್ಲಾಪುರದ ಗಡಿಯವಳಾದ್ದರಿಂದ ಕನ್ನಡ ಬರುತ್ತಿತ್ತು. ಬೌದ್ಧಳು, ಕೊರಳಲ್ಲಿ ಬುದ್ಧನ ಸಣ್ಣ ಪದಕ ಹಾಕಿಕೊಂಡೇ ಅಯ್ಯನವರ ಬೈಬಲ್ಲಿನ ಧೂಳು ಒರೆಸುತ್ತಿದ್ದಳು.

ಡೈರಿಗಳು ಹನ್ನೊಂದು. ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ದಿನಕ್ಕೆ ಎಂಟೊಂಬತ್ತು ಪುಟ ಇಳಿಸುತ್ತಿದ್ದೆ. ಅರ್ಥವಾಗದ ಕಡೆ ಅವರನ್ನೇ ಕೇಳುತ್ತಿದ್ದೆ. ಮೊದಲ ಪುಸ್ತಕದ ತುಂಬ ಬರ್ಮಾ. ಹುಡುಗನಾಗಿದ್ದಾಗ ಹಾಸ್ಟೆಲಿನಲ್ಲಿ ಓದಿದ ಮಿಷನರಿಗಳ ಕಥೆಗಳು ಅವರ ತಲೆ ಕೆಡಿಸಿದ್ದವು. ಅಲ್ಲಿನ ಬೌದ್ಧರ ನಡುವೆ ಹೋಗಿ ಕುಳಿತವರು ಒಬ್ಬನೇ ಒಬ್ಬ ದೀಕ್ಷಾಸ್ನಾನಕ್ಕೆ ಒಪ್ಪುವುದನ್ನು ವರ್ಷಗಟ್ಟಲೆ ಕಾದಿದ್ದರಂತೆ. ಅದೇ ನಾಡಿನ ಬೆಟ್ಟಗಳಲ್ಲಿ, ಕಾಡಿನ ದೈವಗಳಿಗೆ ನಡೆದುಕೊಳ್ಳುತ್ತಿದ್ದವರು ಊರಿಗೆ ಊರೇ ಬಂದರಂತೆ. ತಮ್ಮ ಪೂರ್ವಿಕರು ಕಳೆದುಕೊಂಡ ಪುಸ್ತಕವೊಂದನ್ನು ದೂರದ ತಮ್ಮನೊಬ್ಬ ಮರಳಿ ತರುತ್ತಾನೆ ಎಂದು ಆ ಜನ ಮೊದಲೇ ನಂಬಿದ್ದರಂತೆ. "ನಾನೂ ಒಂದು ಪುಸ್ತಕ ಹಿಡಿದು ಬೆಟ್ಟ ಹತ್ತುವೆನು, ಯಾರೋ ನನಗಾಗಿ ಕಾದಿರುವರು" ಎಂದು ಇಪ್ಪತ್ತೆರಡು ವರ್ಷದ ದೇವಪ್ರಿಯ ಬರೆದುಕೊಂಡಿದ್ದರು.

ಮುಂಬಯಿಗೆ ಬಂದಾಗ ಮೊದಲು ಸಿಕ್ಕಿದ್ದು ಬೆಟ್ಟವಲ್ಲ, ಒಂದೊಂದೇ ಕೋಣೆಯ ಮನೆಗಳ ಚಾಳು. ಹೊಸದಾಗಿ ಬೌದ್ಧರಾದವರ ಚಾಳುಗಳಲ್ಲಿ ಕರಪತ್ರ ಹಂಚಿದರು. ಆ ಪುಟ ಬರೆಯುತ್ತಿದ್ದಾಗ ಮಾವಶಿ ಚಹಾ ತಂದಿಟ್ಟು ನಕ್ಕಳು.

"ನಮ್ಮ ಖೋಲಿಗೂ ಬಂದಿದ್ರು. ನಾ ಸಣ್ಣಾಕಿ. ನಮ್ಮಪ್ಪ ಚಾ ಕೊಟ್ಟು ಹೇಳಿದ, ಪಾದ್ರಿಬಾಬಾ, ಈಗಷ್ಟೇ ಒಂದ್ ಮನಿ ಬಿಟ್ಟು ಹೊರಗ ಬಂದೀವಿ. ಸ್ವಲ್ಪ ಗಾಳಿಗೆ ನಿಂದರ್ತೀವಿ. ಲಗೂನ ಇನ್ನೊಂದ್ ಮನಿಗೆ ಕರೀಬ್ಯಾಡ್ರಿ."

"ಖರೇ ಹೇಳಿದ್ದ ನಿಮ್ಮಪ್ಪ," ಎಂದರು ಅಯ್ಯನವರು. "ಚಾ ಮಾತ್ರ ಛಲೋ ಇತ್ತು."

ಅಲ್ಲಿಂದ ಮಿಷನ್‌ನವರು ಅವರನ್ನು ಮುಲುಂಡ್‌ನ ಹಿಂದಿನ ಕಾಡಿಗೆ ಕಳಿಸಿದರು. ಬೆಟ್ಟದ ಮಗ್ಗುಲಲ್ಲಿ ವಾರ್ಲಿ ಜನರ ಪಾಡಾಗಳು, ಎಂದರೆ ಹತ್ತಿಪ್ಪತ್ತು ಗುಡಿಸಲಿನ ಹಾಡಿಗಳು, ಆಗಲೂ ಇದ್ದವು, ಈಗಲೂ ಇವೆ. ಅಂಥ ಒಂದು ಪಾಡಾದಲ್ಲಿ ಒಂದು ಗುಡಿಸಲು ಹಾಕಿಕೊಂಡು ಒಂಬತ್ತು ವರ್ಷ ಇದ್ದರು. ಅಕ್ಷರ ಕಲಿಸಿದರು, ಹಾವು ಕಚ್ಚಿದವರನ್ನು ಹೊತ್ತು ಬೆಟ್ಟ ಇಳಿದರು. ಜನ ಪ್ರೀತಿಯಿಂದ ಕಂಡರು, ಆದರೆ ಯಾರೂ ಅವರ ದೇವರ ಕಡೆ ಬರಲಿಲ್ಲ.

ಐದನೆಯ ವರ್ಷ ಜಿವ್ಯಾ ಬಂದ. ಹುಲಿ, ಚಿರತೆ ಎರಡಕ್ಕೂ ಒಡೆಯನಾದ ಹುಲಿದೇವರು ವಾಘೋಬಾನ ಪೂಜೆ ಜಿವ್ಯಾನ ಮನೆತನದ್ದು. ಒಂದು ಮರದ ಹಲಗೆ, ಅದರ ಮೇಲೆ ಹುಲಿ, ಮೇಲೆ ಸೂರ್ಯ, ಚಂದ್ರ. ಕಾಡಿನಂಚಿನಲ್ಲಿ ನಿಲ್ಲಿಸಿದ ಆ ಹಲಗೆಯೇ ಅವರ ಗುಡಿ. ಜಿವ್ಯಾನ ಮಗಳಿಗೆ ವಿಷಮಜ್ವರ ಬಂದು, ಅಯ್ಯನವರ ಔಷಧದಿಂದ ಮಗು ಬದುಕಿತು. ಜಿವ್ಯಾ ತಾನಾಗಿಯೇ ಬಂದು ದೀಕ್ಷಾಸ್ನಾನ ಕೇಳಿದ. ಹಲಗೆಯನ್ನು ಕಿತ್ತು ಹೆಗಲ ಮೇಲೆ ತಂದು ಅಯ್ಯನವರ ಗುಡಿಸಲಿನ ಮುಂದೆ ಇಟ್ಟ. ಅಯ್ಯನವರು ಮಿಷನ್ನಿಗೆ ಕಳಿಸಿದ ವರದಿಯ ನಕಲು ಡೈರಿಯಲ್ಲೇ ಇತ್ತು: "ಕರ್ತನ ಕೃಪೆಯಿಂದ ಮೊದಲ ಫಲ ದೊರಕಿತು. ವಿಗ್ರಹವನ್ನು ನನ್ನ ಕೈಯಾರೆ ಸುಟ್ಟೆನು."

ಮುಂದಿನ ಮಳೆಗಾಲ ಆ ಮಗುವನ್ನು ಚಿರತೆ ಹೊತ್ತೊಯ್ದಿತು.

ಇದರ ಬಗ್ಗೆಯೂ ವರದಿ ಇತ್ತು. "ಮಗಳನ್ನು ಕಳೆದುಕೊಂಡರೂ, ನೆರೆಯವರು ಹಂಗಿಸಿದರೂ ಈ ಸಹೋದರನು ಹಿಂದಿರುಗಿ ನೋಡಲಿಲ್ಲ." ಅದನ್ನು ಇಂದಿಗೂ ಆ ಪಾಡಾದ ಸಣ್ಣ ಚರ್ಚಿನಲ್ಲಿ ಪ್ರತಿ ವರ್ಷ ಓದುತ್ತಾರೆಂದು ಎಡ್ವಿನ್ ಮೊದಲೇ ಹೇಳಿದ್ದರು. ನಾನು ಗೌರವದಿಂದಲೇ ಇಳಿಸಿಕೊಂಡೆ.

ಈ ಹೊತ್ತಿಗೆ ನನಗೆ ಇನ್ನೊಂದು ಸಂಗತಿ ಅಭ್ಯಾಸವಾಗಿತ್ತು. ಮಧ್ಯಾಹ್ನ ಮೂರರ ಸುಮಾರಿಗೆ ಅಯ್ಯನವರು ಕುರ್ಚಿಯಲ್ಲೇ ನೆಟ್ಟಗಾಗಿ, "ಯಾರೋ ಬಂದಂಗಾತು ನೋಡ್ರಿ" ಎನ್ನುತ್ತಿದ್ದರು. ಮೊದಲೆಲ್ಲ ನಾನು ಎದ್ದು ಬಾಗಿಲು ತೆಗೆದು ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ಆಮೇಲೆ ಏಳುವುದನ್ನು ಬಿಟ್ಟೆ. ಜುಲೈ ಕೊನೆಯಲ್ಲಿ ಒಂದು ದಿನ ಲೋಕಲ್ ನಿಂತುಹೋಗುವಷ್ಟು ಮಳೆ. ವಿಮಾನಗಳೂ ಇರಲಿಲ್ಲ. ಅಯ್ಯನವರು ನಿದ್ದೆಯಲ್ಲಿದ್ದರು. ಮೆಟ್ಟಿಲಿನ ಮೇಲೆ ಬರಿಗಾಲಿನ ಹೆಜ್ಜೆ ಕೇಳಿಸಿತು. ಅವಸರವಿಲ್ಲದ, ಒದ್ದೆ ಕಾಲಿನ ಹೆಜ್ಜೆ. ಬಾಗಿಲಿನ ಹೊರಗೆ ಬಂದು ನಿಂತಿತು. ಮಾವಶಿ ಅಡುಗೆಕೋಣೆಯ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು.

"ನಿಮಗೂ ಕೇಳಸ್ತಾ?"

ಬಾಗಿಲು ತೆಗೆದೆ. ಮೆಟ್ಟಿಲಿನ ಮೇಲೆ ನೀರು ಹರಿಯುತ್ತಿತ್ತು, ಅಷ್ಟೆ. ಟೆರೇಸಿನ ನೀರಿನದೇ ಸದ್ದು ಎಂದು ನನಗೆ ನಾನು ಹೇಳಿಕೊಂಡೆ. ಇಂದಿಗೂ ಹಾಗೇ ಹೇಳಿಕೊಳ್ಳುತ್ತೇನೆ.

ಮರುದಿನ ಆರನೆಯ ಡೈರಿಯಲ್ಲಿ ಒಂದು ಪುಟ ಬಂತು. ಚಿರತೆಯ ವರದಿ ಬರೆದ ಹದಿನೈದು ದಿನಗಳ ನಂತರದ್ದು. ಪುಟ ಪೂರ್ತಿ ಖಾಲಿ, ನಡುವೆ ಎರಡು ಸಾಲು: "ಇವತ್ತು ಮಧ್ಯಾಹ್ನ ಜಿವ್ಯಾ ಬಂದಿದ್ದ. ಹಲಗೆ ಕೇಳಿದ. ಸುಳ್ಳು ಹೇಳಿದೆ."

ನಾನು ಪೆನ್ನು ಕೆಳಗಿಟ್ಟೆ. ಅಯ್ಯನವರು ನನ್ನನ್ನೇ ನೋಡುತ್ತಿದ್ದರು. ಎಷ್ಟನೆಯ ಪುಟದಲ್ಲಿದ್ದೇನೆಂದು ಅವರಿಗೆ ದಿನಾ ಗೊತ್ತಿರುತ್ತಿತ್ತೆಂದು ಆಗ ಹೊಳೆಯಿತು.

"ಬಂತೇನ್ರಿ ಆ ಪೇಜು?" ಎಂದರು. "ಬರೀರಿ. ಬಿಡಬ್ಯಾಡ್ರಿ."

ಮಂಚದ ಕೆಳಗಿನ ಟ್ರಂಕನ್ನು ಎಳೆಯಲು ಮಾವಶಿಗೆ ಹೇಳಿದರು. ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ ಕೋಣೆಯಿಡೀ ತುಂಬಿತು. ಹಳೆಯ ಕೋಟುಗಳ ಕೆಳಗೆ, ಬಿಳಿಯ ಬಟ್ಟೆಯಲ್ಲಿ ಸುತ್ತಿದ ಹಲಗೆ. ಮೊಣಕಾಲೆತ್ತರದ್ದು. ಹುಲಿಗೆ ಹುಲಿಯ ಪಟ್ಟೆಗಳಿರಲಿಲ್ಲ. ಉದ್ದ ಮೈ, ಎತ್ತಿದ ಬಾಲ, ಎರಡು ಗುಂಡು ಕಣ್ಣು. ಎಲ್ಲೂ ಸುಟ್ಟ ಗುರುತಿಲ್ಲ.

"ಎರಡ್ ಸಲ ಒಲಿಮುಂದ ಒಯ್ದೆ ಟೀಚರ್. ಎರಡೂ ಸಲ ವಾಪಸ್ ತಂದೆ. ಅಂಜಿ ಅಲ್ಲ. ಯಾರೋ ಅಷ್ಟು ಪ್ರೀತಿಲೇ ಕೆತ್ಯಾರ, ಕೈ ಬರಲಿಲ್ಲ. ಸುಟ್ಟೆ ಅಂತ ಬರದು ಕಳಿಸಿದ್ದೆ ಆಗಲೇ." ವಿಮಾನವೊಂದು ಹಾದುಹೋದ ಮೇಲೆ ಮುಂದುವರಿಸಿದರು. "ಮಗಳು ಹೋದ ಮ್ಯಾಲೆ ಜಿವ್ಯಾ ಬಂದ. ಮಳ್ಯಾಗ ತೊಯ್ಸಿಕೊಂಡು ಬಾಗಲದಾಗ ನಿಂತ. ಬಾಬಾ, ಒಂದ್ ದಿನದ ಮಟ್ಟಿಗೆ ಕೊಡ್ರಿ, ಅಕಿ ಹೋದ ಜಾಗಾದಾಗ ನಿಂದರಿಸಿ, ನನ್ನ ಮಗಳನ್ನ ಬಿಟ್ಟುಕೊಡು ಅಂತ ಕೇಳ್ತೀನಿ, ಆಮ್ಯಾಲೆ ನೀವ ಸುಡ್ರಿ ಅಂದ. ಅವ ನಿಂತಲ್ಲಿಂದ ನಾಕು ಮಾರಿನ್ಯಾಗ, ನನ್ನ ಮಂಚದ ಕೆಳಗ ಇತ್ತು ಅದು. ಸುಟ್ಟುಬಿಟ್ಟೇನಿ ಅಂದೆ."

"ಯಾಕ್ರಿ?" ಎಂದೆ. ಶಾಲೆಯ ಮಕ್ಕಳನ್ನು ಕೇಳುವ ದನಿ ಬಂದುಬಿಟ್ಟಿತು.

"ಕೊಟ್ಟಿದ್ರ ಅವ ಹೋಗಿಬಿಡ್ತಿದ್ದ. ಇಡೀ ಪಾಡಾದಾಗ ನಂದು ಅಂತ ಇದ್ದದ್ದು ಅದೊಂದ ಮನಿ."

ಜಿವ್ಯಾ ತೀರಿಹೋಗಿ ಬಹಳ ವರ್ಷವಾಗಿತ್ತು. ಅವನ ಕಿರಿಯ ಮಗನ ಮಗಳು ಮಾರ್ಥಾ ಪಾಡಾದಲ್ಲಿದ್ದಳು. ಅಂಗನವಾಡಿಯಲ್ಲಿ ಕೆಲಸ, ಚರ್ಚಿನ ಬೀಗದ ಕೈಯೂ ಅವಳದೇ. ಹಲಗೆಯನ್ನು ಅವಳಿಗೆ ಒಪ್ಪಿಸಬೇಕೆಂದು ಅಯ್ಯನವರು ಹಟ ಹಿಡಿದರು. ಎಡ್ವಿನ್‌ಗೆ ಹೇಳಿದರೆ ಬೇಡವೆನ್ನುತ್ತಾರೆಂದು ಹೇಳಲಿಲ್ಲ. ಆಗಸ್ಟಿನ ಒಂದು ಬೆಳಗ್ಗೆ ಟ್ಯಾಕ್ಸಿ ಮಾಡಿಕೊಂಡು ಮೂವರೂ ಹೊರಟೆವು. ಮಾವಶಿ ಹಲಗೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡಿದ್ದಳು.

ಮುಲುಂಡ್‌ನ ಎತ್ತರದ ಟವರುಗಳು ಮುಗಿದ ತಕ್ಷಣ ಕಾಡು ಶುರುವಾಗುತ್ತದೆ. ರಸ್ತೆ ಮುಗಿದಲ್ಲಿಂದ ಸ್ವಲ್ಪ ದೂರ ನಡೆಯಬೇಕಿತ್ತು. ಅಯ್ಯನವರು ನನ್ನ ತೋಳು ಹಿಡಿದು, ದಾರಿ ಕೇಳದೆ ನಡೆದರು. ಮಾರ್ಥಾ ಮನೆಯ ಹೊರಗೆ ಸೊಪ್ಪು ಬಿಡಿಸುತ್ತಿದ್ದಳು. ನಲವತ್ತೈದರ ಗಟ್ಟಿ ಹೆಂಗಸು. "ಪಾದ್ರಿಬಾಬಾ!" ಎಂದು ಓಡಿಬಂದು ಕಾಲು ಮುಟ್ಟಿದಳು. ಒಳಗೆ ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಜಿವ್ಯಾನ ಫೋಟೋ.

ಅಲ್ಲಿ ಆಡಿದ್ದೆಲ್ಲ ಮರಾಠಿ. ನನಗೆ ಅದು ಕನ್ನಡದಲ್ಲೇ ನೆನಪಾಗುತ್ತದೆ. ಅಯ್ಯನವರು ಬಳಸಿ ಮಾತಾಡಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಾವಶಿ ಹಲಗೆ ಹಿಡಿದು ಹೊಸ್ತಿಲ ಹತ್ತಿರ ಬಂದಾಗ ಮಾರ್ಥಾ ಕೈ ಅಡ್ಡ ಮಾಡಿದಳು.

"ಒಳಗೆ ತರಬೇಡಿ."

ಮಾವಶಿ ಸೂರಿನ ಕೆಳಗೇ ನಿಂತಳು.

"ಅಜ್ಜ ಪ್ರತಿ ಮಳೆಗಾಲ ಒಂದು ದಿನ ಆ ಜಾಗಕ್ಕೆ ಹೋಗಿ ಕೂರುತ್ತಿದ್ದ," ಎಂದಳು ಮಾರ್ಥಾ. "ಪ್ರಾರ್ಥನೆ ಮಾಡುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದ. ಯಾಕಜ್ಜ ಅಂದರೆ ಹೇಳುತ್ತಿದ್ದ, ಹಳೆಯ ಬಾಗಿಲು ಬಾಬಾನ ಒಲೆಯಲ್ಲಿ ಬೂದಿಯಾಯಿತು, ವಾಪಸು ಹೋಗಲು ದಾರಿಯಿಲ್ಲ, ಅದಕ್ಕೇ ಇಲ್ಲಿ ಮನೆ ಮಾಡಿಕೊಂಡೆ. ಮನೆ ಮಾಡಿಕೊಂಡ ಮೇಲೆ ಪ್ರೀತಿಯಿಂದಲೇ ಇದ್ದ ಬಾಬಾ. ಸಾಯುವಾಗ ಯೇಸುವಿನ ಹೆಸರು ಹೇಳಿಯೇ ಸತ್ತ. ಅವನನ್ನು ನೋಡಿ ಅಪ್ಪ ನಂಬಿದ, ಅಪ್ಪನನ್ನು ನೋಡಿ ನಾನು. ಈಗ ನೀವು ಬಾಗಿಲು ಸುಟ್ಟಿರಲಿಲ್ಲ ಅಂತೀರಿ. ಅಜ್ಜ ನಂಬಿದ್ದು ಏನನ್ನ? ದೇವರನ್ನೋ, ನಿಮ್ಮ ಸುಳ್ಳನ್ನೋ?"

ಅಯ್ಯನವರು ಬಾಯಿ ತೆರೆದರು. ಜೀವಮಾನವಿಡೀ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿದವರು. "ಗೊತ್ತಿಲ್ಲ ಮಗಾ," ಎಂದರು.

ಮಾರ್ಥಾ ಸೊಪ್ಪಿನ ಬುಟ್ಟಿಯನ್ನು ಎತ್ತಿ ಒಳಗಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, "ನನಗೆ ಗುಟ್ಟಾಗಿ ಹೇಳಿ ಹಗುರಾಗಿ ಹೋಗಬೇಡಿ. ಭಾನುವಾರ ಬನ್ನಿ. ವರದಿ ಓದುವ ಜಾಗದಲ್ಲಿ ನಿಂತು, ಎಲ್ಲರ ಮುಂದೆ ಹೇಳಿ" ಎಂದಳು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅಯ್ಯನವರು ಒಂದೇ ಮಾತಾಡಿದ್ದು: "ಅಕಿ ಜಿವ್ಯಾನಂಗ ನಿಂದರ್ತಾಳ."

ಭಾನುವಾರ ಹಲಗೆಯ ಸಮೇತ ಮೂವರೂ ಹೋದೆವು. ತಗಡಿನ ಮಾಡಿನ ಚರ್ಚು, ಮೂವತ್ತು ನಲವತ್ತು ಜನ. ಅಯ್ಯನವರು ಬೆಂಚಿನ ಹಿಂಬದಿ ಹಿಡಿದು ನಿಂತು ಹೇಳಿದರು. ತಗಡಿನ ಮೇಲಿನ ಮಳೆಯ ಸದ್ದಿಗೆ ಹಿಂದಿನವರಿಗೆ ಕೇಳಿಸದೆ, ಎರಡು ಸಲ ಹೇಳಬೇಕಾಯಿತು. ಆ ಎರಡನೆಯ ಸಲವನ್ನು ನಾನು ನೋಡಲಾಗದೆ ನೆಲ ನೋಡಿದೆ. ಒಬ್ಬ ಯುವಕ ಎದ್ದು, "ಬಾಬಾ, ಸಾಕು ಮಾಡಿ, ನಾವು ಹೊರಗೆ ಯಾವ ಮುಖ ತೋರಿಸೋಣ?" ಎಂದ. ಮಾರ್ಥಾ "ಮುಗಿಸಲಿ" ಎಂದಳು. ಎರಡು ಮನೆಯವರು ಮಕ್ಕಳನ್ನೆತ್ತಿಕೊಂಡು ಹೊರಟುಹೋದರು. ಉಳಿದವರು ಅಯ್ಯನವರ ಕಡೆ ನೋಡಲಿಲ್ಲ.

ಹೊರಗೆ ಮರದ ಕೆಳಗೆ ಒಬ್ಬ ಮುದುಕಿ ನಿಂತಿದ್ದಳು. ಜಿವ್ಯಾನ ತಂಗಿ ರಖಮಾ. ಅವಳು ಅಣ್ಣನ ಹಿಂದೆ ಚರ್ಚಿಗೆ ಬಂದವಳಲ್ಲ. ಹಳೆಯ ದೇವರ ಕಡೆಯೇ ಉಳಿದವಳು. ಸುದ್ದಿ ಅವಳಿಗೂ ಮುಟ್ಟಿತ್ತು. ಮಾವಶಿಯ ಕೈಯಿಂದ ಹಲಗೆ ತೆಗೆದುಕೊಂಡು, ಪ್ಲಾಸ್ಟಿಕ್ ಬಿಚ್ಚಿ, ಸೀರೆಯ ಸೆರಗಿನಿಂದ ಹುಲಿಯ ಮುಖ ಒರೆಸಿದಳು.

"ನಮ್ಮಪ್ಪ ಕೆತ್ತಿದ್ದು ಇದು," ಎಂದಳು. ಅಯ್ಯನವರು ಕೈಮುಗಿದು, "ಅದನ್ನು ಅದರ ಜಾಗದಲ್ಲಿ ನಿಲ್ಲಿಸಿ" ಎಂದರು.

ಅವಳು ನಕ್ಕಳು. ಕೆಟ್ಟ ನಗೆಯಲ್ಲ. "ಜಾಗ ಖಾಲಿ ಇದೆ ಅಂದುಕೊಂಡಿರಾ ಬಾಬಾ? ಅಣ್ಣ ಇದನ್ನು ನಿಮಗೆ ಕೊಟ್ಟ ವರ್ಷವೇ ಹೊಸದು ಕೆತ್ತಿ ನಿಲ್ಲಿಸಿದೆವು. ಹುಲಿ ನಿಮ್ಮ ಟ್ರಂಕಿನಲ್ಲಿ ಇಷ್ಟು ವರ್ಷ ಕೂತಿರುತ್ತದೆಯೇ? ಇದು ಬರೀ ಮರ. ಆವತ್ತು ಅಣ್ಣನಿಗೆ ಬೇಕಾಗಿತ್ತು, ಅಷ್ಟೆ. ಹೊಸದರ ಮುಂದೆ ನಿಂತು ಕೇಳು ಅಂತ ನಾವು ಹೇಳಿದರೆ, ನಾನು ಬಾಬಾನಿಗೆ ಮಾತು ಕೊಟ್ಟಿದ್ದೇನೆ, ಅದರ ಮುಂದೆ ನಿಲ್ಲಲಾರೆ, ಹಳೆಯದು ನನ್ನದು, ಅದಾದರೆ ಕೇಳಬಹುದಿತ್ತು ಅಂದ."

ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಮಳೆಯಲ್ಲೇ ಕಾಡಿನ ಕಡೆ ನಡೆದಳು. ಅದನ್ನು ಎಲ್ಲಿಟ್ಟಳೋ ನಾವು ಯಾರೂ ಕೇಳಲಿಲ್ಲ. ಅಯ್ಯನವರು ಮರಕ್ಕೆ ಒರಗಿ, ಅವಳು ಮರೆಯಾದ ಮೇಲೂ ಅತ್ತಲೇ ನೋಡುತ್ತಿದ್ದರು.

ಇನ್ನು ಅವರಿಗೆ ನೆಮ್ಮದಿಯಾಗುತ್ತದೆ ಎಂದು ನಾನು ಎಣಿಸಿದ್ದೆ. ಆಗಲಿಲ್ಲ. ಸೆಪ್ಟೆಂಬರಿನಲ್ಲಿ ಊಟ ಕಡಿಮೆಯಾಯಿತು. ಮೂರು ಗಂಟೆಗೆ ಬಾಗಿಲು ನೋಡಿ ಎನ್ನುವುದು ನಿಂತಿತ್ತು. ಒಂದು ದಿನ ನಾನೇ ಕೇಳಿದೆ, "ಈಗ ಬರೂದಿಲ್ಲೇನ್ರಿ ಅವರು?"

"ಬರ್ತಾನ," ಎಂದರು. "ಒಳಗ ಬಂದು ಅಲ್ಲೆ ಕೂಡ್ತಾನ, ನಿಮ್ಮ ಮೇಜಿನ ಬಾಜೂಕ. ಮೊದಲ ಹಲಗಿ ಕೇಳ್ತಿದ್ದ. ಈಗ ಏನೂ ಕೇಳೂದಿಲ್ಲ. ಕೇಳಿದ್ರ ಛಲೋ ಇತ್ತು."

ನಾನು ಆ ದಿನ ಕುರ್ಚಿಯನ್ನು ಗೋಡೆಯ ಕಡೆ ಸರಿಸಿಕೊಂಡು ಬರೆದೆ.

ಮಳೆ ನಿಂತ ಮೇಲೆ, ಅಕ್ಟೋಬರಿನ ಬಿಸಿಲಿಗೆ ಗೋಡೆಗಳು ಒಣಗುತ್ತಿದ್ದಾಗ ಅವರು ಹೋದರು. ಮಣ್ಣಿಗೆ ಪಾಡಾದಿಂದ ಮಾರ್ಥಾ ಒಬ್ಬಳೇ ಬಂದಿದ್ದಳು. ಕಟ್ಟಡವನ್ನು ಆ ಡಿಸೆಂಬರಿನಲ್ಲಿ ಕೆಡವಿದರು. ನನ್ನ ನಕಲು ಮುಗಿದಿತ್ತು. ಎಡ್ವಿನ್ ಅದನ್ನು ಓದಿಕೊಂಡು ಮನೆಗೆ ಬಂದರು, ಮುಖ ಸಪ್ಪಗಿತ್ತು.

"ಟೀಚರ್, ಆ ಒಂದು ಪೇಜ್ ಬಿಡುವ ಅಲ್ವಾ? ಸತ್ತವರ ಮರ್ಯಾದೆ. ಮತ್ತೆ ಈಗಿನ ಕಾಲ ನಿಮಗೆ ಗೊತ್ತುಂಟು. ನಮ್ಮ ಬಾಯಿಂದಲೇ ಇಂಥದ್ದು ಬಂದ್ರೆ ಹೊರಗಿನವರು ಏನು ಮಾಡ್ತಾರೆ ಅಂತ."

ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಆದರೂ "ಬಿಡಬ್ಯಾಡ್ರಿ ಅಂದಿದ್ರು ಅವರು" ಎಂದೆ. ಎಡ್ವಿನ್ ತಲೆ ತಗ್ಗಿಸಿ ಹೋದರು. ಪುಸ್ತಕ ಬಂದಾಗ ಆ ಪುಟ ಇರಲಿಲ್ಲ.

ಮುಂದಿನ ಜೂನ್‌ನಲ್ಲಿ ಮಾರ್ಥಾ ಫೋನ್ ಮಾಡಿದಳು. ಆ ಪುಟವನ್ನು ಮರಾಠಿಯಲ್ಲಿ ಬರೆದುಕೊಡಿ ಎಂದಳು. ಮೂರು ಪುಟ್ಟ ವಾಕ್ಯಗಳಿಗೆ ನಾನು ಒಂದು ಮಧ್ಯಾಹ್ನ ಪೂರ್ತಿ ಕುಳಿತೆ. ಒಂದು ಮಾತು ಹೆಚ್ಚಾಗಬಾರದು, ಮೆದುವಾಗಲೂ ಬಾರದು.

ವರದಿ ಓದುವ ಭಾನುವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಹೊರಟುಹೋಗಿದ್ದ ಎರಡು ಮನೆಗಳಲ್ಲಿ ಒಂದು ಮರಳಿ ಬಂದಿತ್ತು. ಮಾರ್ಥಾ ಮೊದಲು ಎಂದಿನ ವರದಿ ಓದಿದಳು: ಮೊದಲ ಫಲ, ಸುಟ್ಟ ವಿಗ್ರಹ, ಹಿಂದಿರುಗಿ ನೋಡದ ಸಹೋದರ. ಜನ "ಆಮೆನ್" ಎಂದರು. ಅವಳು ಆ ಕಾಗದ ಕೆಳಗಿಟ್ಟು ನನ್ನ ಹಾಳೆ ಕೈಗೆತ್ತಿಕೊಂಡಳು.

"ಇವತ್ತು ಮಧ್ಯಾಹ್ನ ಜಿವ್ಯಾ ಬಂದಿದ್ದ. ಹಲಗೆ ಕೇಳಿದ. ಸುಳ್ಳು ಹೇಳಿದೆ."

"ಆಮೆನ್," ಎಂದರು ಜನ, ಅದೇ ರಾಗದಲ್ಲಿ.

ಅಂದ ಮೇಲೆ ಅವರಿಗೇ ಗೊತ್ತಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕೆಮ್ಮಿದರು. ಮಾರ್ಥಾ ಕೋಪಿಸಿಕೊಳ್ಳಲಿಲ್ಲ, ಹಾಳೆಯನ್ನು ಮಡಿಸಲೂ ಇಲ್ಲ. ಮಳೆಯ ಸದ್ದು ಸ್ವಲ್ಪ ತಗ್ಗುವವರೆಗೆ ಕಾದು, ಮೊದಲಿನಿಂದ ಇನ್ನೊಮ್ಮೆ ಓದಿದಳು.

ಈ ಸಲ ಯಾರೂ ಏನೂ ಹೇಳಲಿಲ್ಲ.